ತಪ್ಪು ಮಾಡಲು ಬಿಡುವ ಟೂಲ್

ಹೆಬ್ಬಾಳದ ಒಂದು ಖಾಸಗಿ ಆಸ್ಪತ್ರೆಯ ತರಬೇತಿ ವಿಭಾಗ ಅಂದರೆ ನಾನು, ಸ್ಮಿತಾ ಮತ್ತು ಕೆಟ್ಟುಹೋದ ಒಂದು ಏಸಿ. ರೋಗಿಗಳ ನೋಂದಣಿಗೆ ಹೊಸ ಸಾಫ್ಟ್‌ವೇರ್ ಬರುವುದಿತ್ತು. ಕೌಂಟರಿನವರು ಅದನ್ನು ಮುಟ್ಟುವ ಮೊದಲು ಅದರ ನಕಲಿನಲ್ಲಿ ಅಭ್ಯಾಸ ಮಾಡಬೇಕು. ಆ ನಕಲು ತಯಾರಿಸುವ ಎರಡು ಟೂಲ್‌ಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ನಾವು ಹೇಳಬೇಕು. ಅಷ್ಟೇ ಕೆಲಸ. ಆದರೆ ಮ್ಯಾನೇಜರ್ ಶೇಖರಪ್ಪನವರು ಅದಕ್ಕೊಂದು ಬಾಲ ಅಂಟಿಸಿದ್ದರು. ಹೊಸದು ಬಂದ ಮೇಲೆ ಕೌಂಟರಿನಲ್ಲಿ ಒಬ್ಬರು ಹೆಚ್ಚುವರಿಯಾಗುತ್ತಾರೆ, ಅವರನ್ನು ನೆಲಮಾಳಿಗೆಯ ರೆಕಾರ್ಡ್ ರೂಮಿಗೆ ಕಳಿಸುವುದು. ಅಲ್ಲಿಗೆ ಹೋದವರ ಕಾಂಟ್ರಾಕ್ಟ್ ಮುಂದುವರಿದದ್ದನ್ನು ನಾನಂತೂ ಕಂಡಿಲ್ಲ.

ಒಂದು ಟೂಲನ್ನು ನಾನು ಹಿಡಿದೆ, ಇನ್ನೊಂದನ್ನು ಸ್ಮಿತಾ. ನನ್ನದು ಸುಲಭ. ನಾವು ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುತ್ತಾ ಹೋದರೆ ಅದು ಪರದೆಗಳ ಚಿತ್ರ ಹಿಡಿದು, ಎಲ್ಲಿ ಒತ್ತಬೇಕೋ ಅಲ್ಲಿ ಕೆಂಪು ಚೌಕ ಹಾಕಿಕೊಡುತ್ತದೆ. ಚೌಕದ ಹೊರಗೆ ಒತ್ತಿದರೆ ಏನೂ ಆಗುವುದಿಲ್ಲ. ಊಟದ ಹೊತ್ತಿಗೇ ಮುಗಿಸಿ ಮೀಸೆ ತಿರುವಿದೆ. ಸಂಜೆ ಅಲ್ಲಾಳಸಂದ್ರದ ಮನೆಯಲ್ಲಿ ನಮ್ಮ ದೊಡ್ಡಪ್ಪ ಚಿಕ್ಕಬೈರಪ್ಪನ ಮುಂದೆ ಲ್ಯಾಪ್‌ಟಾಪ್ ಇಟ್ಟೆ. ಜನ್ಮದಲ್ಲಿ ಕಂಪ್ಯೂಟರ್ ಮುಟ್ಟದ ಆಸಾಮಿ ಕೆಂಪು ಕಂಡಲ್ಲೆಲ್ಲ ಒತ್ತಿ ನೂರಕ್ಕೆ ನೂರು ತೆಗೆದ. “ಇಷ್ಟೇನೇನ್ಲಾ ನಿಮ್ ಕೆಲ್ಸ? ಇಂಗಾದ್ರೆ ನಂಗೂ ಅಲ್ಲೊಂದು ಕುರ್ಚಿ ಆಕ್ಸು” ಅಂದ. ನನ್ನ ಮೀಸೆ ಇಳಿಯಿತು.

ಸ್ಮಿತಾಳ ಟೂಲ್ ಬೇರೆ ಜಾತಿಯದು. ಚೌಕವಿಲ್ಲ. ಎಲ್ಲಿ ಬೇಕಾದರೂ ಒತ್ತಬಹುದು. ತಪ್ಪು ಒತ್ತಿದರೆ ತಪ್ಪು ಪುಟಕ್ಕೇ ಕರೆದೊಯ್ದು, ಅದರಿಂದ ರೋಗಿಗೆ ಆಗುವ ತೊಂದರೆ ತೋರಿಸಿ, ವಾಪಸ್ ಬರುವ ದಾರಿ ಕಲಿಸುತ್ತದೆ. ಒಂದೊಂದು ದಾರಿಯನ್ನೂ ಕೈಯಾರೆ ಕಟ್ಟಬೇಕು. ಅವಳು ಕಣ್ಣು ಕೆಂಪಗೆ ಮಾಡಿಕೊಂಡು ಕಟ್ಟಿದಳು. ಯಾರು ಎಲ್ಲಿ ಎಡವಿದರೆಂಬ ದಾಖಲೆಯೂ ಕೊನೆಗೆ ಬರುತ್ತಿತ್ತು. ಹೊಟ್ಟೆ ಉರಿದರೂ, ಕಲಿಸುವುದೆಂದರೆ ಇದೇ ಎಂದು ನಾನು ಒಪ್ಪಿಕೊಂಡೆ.

ಅದನ್ನು ಪರೀಕ್ಷಿಸಲು ಒಬ್ಬರು ಬೇಕಿತ್ತು. ಸ್ಮಿತಾ ಕೌಂಟರಿನ ದಾನವ್ವನವರನ್ನು ಕರೆತಂದಳು. ಇಬ್ಬರೂ ಬಾಗಲಕೋಟೆ ಕಡೆಯವರು. ದಾನವ್ವ ಚಿಕ್ಕಜಾಲದ ಮನೆಯಿಂದ ಬಸ್ಸಿನಲ್ಲಿ ಬರುವಾಗ ಈ ಹುಡುಗಿಗೆಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಿದ್ದರು. ವರ್ಷಗಳಿಂದ ಅದೇ ಕೌಂಟರಿನಲ್ಲಿ ಕೂತವರು, ಕೆಲಸದಲ್ಲಿ ಬಲು ಜಾಗ್ರತೆ. ಹೊಸ ಪರದೆ ಕಂಡು ಅಳುಕಿದರು.

“ಹೆದರಬ್ಯಾಡ್ರಿ ಅಕ್ಕಾರ” ಎಂದಳು ಸ್ಮಿತಾ. “ಇದು ನಿಮ್ಮ ಪರೀಕ್ಷೆ ಅಲ್ಲ, ಟೂಲಿಂದು. ಎಷ್ಟ ಬೇಕಾದ್ರೂ ತಪ್ಪು ಮಾಡ್ರಿ.”

ದಾನವ್ವ ಮಾಡಿದರು. ಒಬ್ಬರ ಫೈಲನ್ನು ಇನ್ನೊಬ್ಬರದಕ್ಕೆ ಸೇರಿಸಿದರು, ಔಷಧಿ ಅಲರ್ಜಿಯ ಎಚ್ಚರಿಕೆ ಅಳಿಸಿದರು, ಗಂಡಸೊಬ್ಬನನ್ನು ಹೆರಿಗೆ ವಾರ್ಡಿಗೆ ಕಳಿಸಿದರು. ಟೂಲ್ ಎಲ್ಲವನ್ನೂ ಹಿಡಿಯಿತು. ಸ್ಮಿತಾ ಕುಣಿಯುವುದೊಂದು ಬಾಕಿ. ಎರಡು ಟೂಲ್‌ಗಳನ್ನು ಹೋಲಿಸಿ ವರದಿ ಬರೆದಳು. ತನ್ನದು ತಪ್ಪನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆ ಎಂಬುದಕ್ಕೆ ಸಾಕ್ಷಿಯಾಗಿ ಅಂದಿನ ದಾಖಲೆಯನ್ನೂ ಸೇರಿಸಿ ಶೇಖರಪ್ಪನವರಿಗೆ ಕಳಿಸಿದಳು. ಸಿಬ್ಬಂದಿ ಸಂಖ್ಯೆ ಹಾಕದೆ ಟೂಲ್ ತೆರೆಯುತ್ತಿರಲಿಲ್ಲ, ಹಾಗಾಗಿ ದಾಖಲೆಯ ಮೇಲೆ ದಾನವ್ವನ ಹೆಸರಿತ್ತು. ಅದು ಅವಳಿಗೂ ಹೊಳೆಯಲಿಲ್ಲ, ಪಕ್ಕದಲ್ಲೇ ಕೂತಿದ್ದ ನನಗೂ ಹೊಳೆಯಲಿಲ್ಲ.

ಶೇಖರಪ್ಪ ಸ್ಮಿತಾಳ ಟೂಲನ್ನೇ ಆರಿಸಿದರು. ಅದೇ ವಾರ ದಾನವ್ವನವರನ್ನು ರೆಕಾರ್ಡ್ ರೂಮಿಗೆ ಹಾಕಿದರು.

ಸ್ಮಿತಾ ಶೇಖರಪ್ಪನವರ ಕೋಣೆಗೆ ಓಡಿದಳು, ಹಿಂದೆ ನಾನು. ಅವು ಬೇಕೆಂದೇ ಮಾಡಿದ ತಪ್ಪುಗಳು, ಮಾಡಿ ಎಂದವಳು ನಾನೇ, ಇನ್ನೊಮ್ಮೆ ಕೂರಿಸಿ ನೋಡಿ ಎಂದು ಅಂಗಲಾಚಿದಳು. ಶೇಖರಪ್ಪ ಸಿಟ್ಟಾಗಲಿಲ್ಲ, ಆಗಿದ್ದರೆ ಜಗಳವಾದರೂ ಆಡಬಹುದಿತ್ತು.

“ಆಟಕ್ಕಾದ್ರೂ ಅಲರ್ಜಿ ವಾರ್ನಿಂಗ್ ಅಳಿಸ್ತಾರೇನಮ್ಮ? ನಿಮ್ ಟೂಲೇ ತೋರಿಸ್ತಲ್ಲ” ಎಂದರು.

ದಾನವ್ವನ ಹೆಸರು ಮೇಲಿನವರಿಗೆ ಹೋಗಿಯಾಗಿತ್ತಂತೆ. ನಾನು ಬಾಯಿ ಹಾಕಿದ್ದಕ್ಕೆ, ನಿನ್ನ ಕೆಂಪು ಚೌಕ ತಗೊಂಡಿದ್ದರೆ ಎಲ್ಲರೂ ಪಾಸು, ಆಗ ಯಾರನ್ನಪ್ಪ ಕಳಿಸುವುದು ಎಂದು ಕೇಳಿದರು. ಆ ಮನುಷ್ಯನಿಗೆ ಬೇಕಿದ್ದದ್ದು ಕಲಿಸುವ ಟೂಲಲ್ಲ, ಜರಡಿ. ಇಬ್ಬರೂ ಹೊರಗೆ ಬಂದು ನೆಲಮಾಳಿಗೆಗೆ ಇಳಿದೆವು.

ಅಲ್ಲಿ ದಾನವ್ವ ಧೂಳು ಹಿಡಿದ ಫೈಲುಗಳನ್ನು ಜೋಡಿಸುತ್ತಿದ್ದರು. ಅವರಿಗೆ ಯಾರೂ ಕಾರಣ ಹೇಳಿರಲಿಲ್ಲ. ವಯಸ್ಸಾಯಿತೆಂದು ಕಳಿಸಿರಬೇಕು ಎಂದುಕೊಂಡಿದ್ದರು. ಸ್ಮಿತಾ ಬಾಯಿ ತೆರೆಯುವ ಮೊದಲೇ ಕೇಳಿದರು:

“ನಿನ್ನ ಟೂಲ್ ಪಾಸ್ ಆತೇನ ತಂಗಿ?”

ಆಯಿತು ಎಂದಳು. ದಾನವ್ವನ ಮುಖ ಅರಳಿತು. ತಾವು ಎಲ್ಲ ಸರಿಯಾಗಿ ಒತ್ತಿಬಿಟ್ಟರೆ ಪಾಪ ಈ ಹುಡುಗಿಯ ಟೂಲ್ ಹಿಡಿಯುವುದಾದರೂ ಏನನ್ನು ಎಂದು, ದೊಡ್ಡ ದೊಡ್ಡ ತಪ್ಪುಗಳನ್ನೇ ಆರಿಸಿ ಮಾಡಿದ್ದರಂತೆ. ಸ್ಮಿತಾ ಅಲ್ಲೇ ನೆಲದ ಮೇಲೆ ಕೂತು, ಅಳುತ್ತಾ, ನಡೆದದ್ದೆಲ್ಲವನ್ನೂ ಹೇಳಿದಳು.

ದಾನವ್ವ ಸೆರಗಿಗೆ ಕೈ ಒರೆಸಿಕೊಂಡರು.

“ಇಷ್ಟಕ್ಕ ಯಾಕ ಅಳ್ತಿ? ನಡಿ, ಈಗ ಎಲ್ಲಾ ಸರಿ ಮಾಡಿ ತೋರಸ್ತೀನಿ” ಎನ್ನುತ್ತಾ ಮೆಟ್ಟಿಲಿನ ಕಡೆ ಹೊರಟೇಬಿಟ್ಟರು.

ಸ್ಮಿತಾ ನೆಲದಿಂದ ಏಳಲಿಲ್ಲ. ಮೇಲೆ ಅದನ್ನು ನೋಡುವವರು ಯಾರೂ ಇಲ್ಲ ಎಂದು ನಾನೇ ಅವರಿಗೆ ಹೇಳಬೇಕಾಯಿತು.