ಮಗನಿಗೊಂದು ಗಾದೆ

ಟೈಲರ್‌ನ ಕಣ್ಣು ಮಂಜಾಗಿದ್ದು ಗಿರಾಕಿಗಳಿಗೆ ಗೊತ್ತಿರಲಿಲ್ಲ. ಅವನು ಕೊರಳಿಗೆ ಟೇಪು ಹಾಕಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತು ಮಾತಾಡಿಸುತ್ತಿದ್ದ. ಅಳತೆ ತೆಗೆಯುವವಳು, ಪರದೆಯ ಹಿಂದೆ ಬಟ್ಟೆ ಕತ್ತರಿಸುವವಳು ಮಗಳು. ಹೊಗಳಿಕೆ ಮಾತ್ರ ಕುರ್ಚಿಗೆ ಸಲ್ಲುತ್ತಿತ್ತು.

ಮುಂದೆ ಈ ಅಂಗಡಿ ಯಾರಿಗೆ ಎಂದು ಅವಳು ಬಾಯಿ ತೆರೆದಾಗಲೆಲ್ಲ ಅಪ್ಪನ ಉತ್ತರ ಒಂದೇ: "ತಾಳಿದವನು ಬಾಳಿಯಾನು ಕಣಮ್ಮ." ಚಿಕ್ಕಂದಿನಲ್ಲಿ ಹೊಸ ಲಂಗಕ್ಕೆ ಅತ್ತಾಗಲೂ ಅದನ್ನೇ ಹೇಳಿದ್ದ. ಅವಳು ನಂಬಿ ತಾಳಿದಳು.

ಒಂದು ದಿನ ಬೆಳಿಗ್ಗೆ ಅವಳು ಬಂದಾಗ ಪೇಂಟರ್ ಏಣಿ ಹತ್ತಿ ಬೋರ್ಡಿನಲ್ಲಿ ಅಪ್ಪನ ಹೆಸರಿನ ಪಕ್ಕ 'ಮತ್ತು ಮಗ' ಎಂದು ಬರೆಯುತ್ತಿದ್ದ. ಬೇರೆ ಊರಿನ ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಬಂದಿದ್ದ ತಮ್ಮ ಕೆಳಗೆ ನಿಂತು ನೋಡುತ್ತಿದ್ದ.

"ಯಾವಾಗ ಆಯ್ತು ಇದು?"

"ಹೋದ ವಾರ ಕೇಳ್ದೆ, ಅಪ್ಪ ಹೂಂ ಅಂದ."

"ಕೇಳಿದ್ದಕ್ಕೇ ಕೊಟ್ನಾ?"

"ಮತ್ತಿನ್ನೇನು? ಅಳದ ಮಗೂಗೆ ತಾಯೀನೂ ಹಾಲು ಕೊಡಲ್ಲ ಅಂತ ಅಪ್ಪ ಬೆನ್ನು ತಟ್ಟಿ ತಟ್ಟಿ ಹೇಳ್ತಿರಲಿಲ್ವಾ?"

"ನಂಗೆ ಹೇಳಿಲ್ಲ."

"ಬಿಡಕ್ಕಾ, ಮನೇಲಿ ಎಲ್ಲರಿಗೂ ಹೇಳೋ ಮಾತು ಅದು," ಎಂದು ಅವನು ನಕ್ಕ.

ಅವಳು ಒಳಗೆ ಹೋದಳು. ಅಪ್ಪ ಹೆಜ್ಜೆಯ ಸದ್ದಿನಲ್ಲೇ ಗುರುತಿಸಿದ.

"ಅವನಿಗೆ ಕೇಳು ಅಂದೆ, ನಂಗೆ ತಾಳು ಅಂದೆ. ಯಾಕಪ್ಪಾ?"

ಅಪ್ಪ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿದ. "ಇಬ್ಬರಿಗೆ ಒಂದೇ ಅಳತೇಲಿ ಹೊಲಿಯೋಕಾಗುತ್ತಾ? ನೀನು ಕೇಳೋಕೆ ಶುರು ಮಾಡಿದ್ರೆ ಒಳಗಿನ ಕೆಲಸ ಯಾರು ಮಾಡ್ತಿದ್ರು?" ಆಮೇಲೆ ಮಾಮೂಲಿ ದನಿಯಲ್ಲಿ, "ಆ ಕೋಟು ಸಂಜೆಯೊಳಗೆ ಕತ್ತರಿಸಿಡು. ಬೆಲೆಬಾಳೋ ಬಟ್ಟೆ, ಹುಷಾರು," ಎಂದ.

ಕೋಟಿನ ಬಟ್ಟೆ ಮೇಜಿನ ಮೇಲೆ ಹರಡಿತ್ತು. ಹಿಂದಿನ ದಿನ ಅವಳೇ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಳು. ಗೆರೆಯ ಆಚೆ ಹೊಲಿಗೆಗೆ ಬಿಡುವ ಅಂಚನ್ನು ಅವಳು ಎಂದೂ ಗುರುತು ಹಾಕುತ್ತಿರಲಿಲ್ಲ. ಅದು ಅವಳ ಕೈಗೇ ಗೊತ್ತಿತ್ತು. ಅವಳು ಕತ್ತರಿಯನ್ನು ಬಟ್ಟೆಯ ಮೇಲಿಟ್ಟು ಚೀಲ ಹೆಗಲಿಗೇರಿಸಿದಳು.

ತಮ್ಮ ಪರದೆ ಸರಿಸಿ ಬಂದು ಕತ್ತರಿ ಕೈಗೆತ್ತಿಕೊಂಡ. "ಅಕ್ಕಾ, ಗೆರೆ ಮೇಲೇ ಕತ್ತರಿಸ್ಬೇಕಾ, ಆಚೆ ಬಿಡ್ಬೇಕಾ?"

"ಅಪ್ಪನ್ನ ಕೇಳು. ನೀನು ಕೇಳಿದ್ರೆ ಕೊಡ್ತಾನಲ್ಲ."

ಬಾಗಿಲು ದಾಟುವಾಗ ಅವಳು ಒಮ್ಮೆ ತಿರುಗಿ ನೋಡಿದಳು. ಸರಿಸಿದ ಪರದೆಯಾಚೆ ಅಪ್ಪ ಮೇಜಿಗೆ ಬಗ್ಗಿ ಬಟ್ಟೆಯ ಮೇಲೆ ಬೆರಳಾಡಿಸಿ ಗೆರೆ ಹುಡುಕುತ್ತಿದ್ದ. ಬೆರಳು ಹೋದಲ್ಲೆಲ್ಲ ಸೀಮೆಸುಣ್ಣ ಅಳಿಸಿಹೋಗುತ್ತಿತ್ತು.