ಭೌತಶಾಸ್ತ್ರದ ಖಾಲಿ ಬೆಂಚು

ಒಂದು ವಾರದಿಂದ ಟೈಲರಮ್ಮನ ಮಗಳು ಊಟದ ಡಬ್ಬಿಯಲ್ಲಿ ಅರ್ಧ ಹಾಗೇ ಉಳಿಸಿ ತರುತ್ತಿದ್ದಳು.

"ಯಾಕೇ ಮೋಟಾರು, ನನ್ನ ಅಡುಗೆ ಅಷ್ಟು ಕೆಟ್ಟೋಯ್ತಾ?" ಎಂದಳು ಅಮ್ಮ. ಹೊಲಿಗೆ ಯಂತ್ರದ ಮೋಟಾರನ್ನು ತಾನೇ ಬಿಚ್ಚಿ ಸರಿಮಾಡಿದ ದಿನದಿಂದ ಮಗಳಿಗೆ ಅದೇ ಹೆಸರು.

"ಒಬ್ಬಳೇ ಕೂತು ತಿನ್ನೋಕೆ ಬೇಜಾರಮ್ಮ."

ಹೊಸ ತರಗತಿಯಲ್ಲಿ ಭೌತಶಾಸ್ತ್ರ ಬೇಕೆಂದು ಮೊದಲು ಐದಾರು ಹುಡುಗಿಯರು ಕೈ ಎತ್ತಿದ್ದರು. ಮೇಷ್ಟ್ರು ಒಬ್ಬೊಬ್ಬರನ್ನೇ ಕರೆದು, ಸುಲಭದ ವಿಷಯ ತೆಗೆದುಕೊಳ್ಳಿ ಎಂದರು. ಗೆಳತಿಯರೆಲ್ಲ ಬದಲಾಯಿಸಿಕೊಂಡರು. ಉಳಿದವಳು ಇವಳೊಬ್ಬಳೇ. ಭೌತಶಾಸ್ತ್ರದ ಪಾಠ ನಡೆಯುವ ಹಿಂದಿನ ಕೋಣೆಯಿಂದ ಇವಳು ಬರುವಷ್ಟರಲ್ಲಿ ಅವರ ಊಟ ಮುಗಿದಿರುತ್ತಿತ್ತು. ವಿಷಯ ಬದಲಾಯಿಸಲು ನಾಳೆಯೇ ಕೊನೆ. ಅಮ್ಮನಿಗೂ ಶಾಲೆಗೆ ಬರಲು ಕರೆ ಬಂದಿತ್ತು.

"ನೀನೂ ಬದಲಾಯಿಸ್ಕೋ ಮಗಳೇ. ಮೇಷ್ಟ್ರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಾ? ನೂರಕ್ಕೆ ನೂರು ಫಲಿತಾಂಶ ಬಂದಿರೋ ಶಾಲೆ ಅದು. ಅದನ್ನ ಬರೆದಿರೋ ಗೇಟಿನ ಬ್ಯಾನರಿಗೆ ಅಂಚು ಹೊಲಿದವಳು ನಾನೇ!"

ಮಗಳು ಯಂತ್ರದ ಬೆಲ್ಟನ್ನು ಬೆರಳಿನಿಂದ ಸುಮ್ಮನೆ ತಿರುಗಿಸುತ್ತಾ ಕೂತಳು.

ಸಮವಸ್ತ್ರದ ಕಾಲರು ಸರಿಮಾಡಿಸಲು ಬಂದಿದ್ದ ಎದುರುಮನೆಯ ನರ್ಸಕ್ಕ ಎಲ್ಲ ಕೇಳಿಸಿಕೊಂಡಿದ್ದರು.

"ನೂರಕ್ಕೆ ನೂರು ಹೇಗೆ ಬರತ್ತೆ ಹೇಳಿ ಟೈಲರಮ್ಮ?"

"ಚೆನ್ನಾಗಿ ಕಲಿಸಿದ್ರೆ ಬರತ್ತೆ."

"ಅದೂ ನಿಜ. ಫೇಲಾಗ್ತಾರೇನೋ ಅನ್ನೋರನ್ನ ಆ ವಿಷಯಕ್ಕೇ ಸೇರಿಸದಿದ್ರೂ ಬರತ್ತೆ. ಶಾಲೆಯನ್ನ ಅಳೆಯೋರು ಎಷ್ಟು ಮಂದಿ ಪಾಸು ಅಂತ ಕೇಳ್ತಾರೆ. ಯಾರು ಯಾವ ಆಸೆ ಬಿಟ್ರು ಅಂತ ಕೇಳಲ್ಲ. ಮೇಷ್ಟ್ರು ಕೆಟ್ಟವರಲ್ಲ, ಅವರ ತಲೆ ಮೇಲೂ ಕತ್ತಿ ತೂಗ್ತಿದೆ."

"ನಾಳೆ ಅಂಕ ಕಡಿಮೆ ಬಂದ್ರೆ ನೀವು ಬಂದು ಇವಳ ಕಣ್ಣೊರೆಸ್ತೀರಾ?"

"ಕಡಿಮೆ ಬಂದ್ರೂ ಬರಬಹುದು, ಸುಳ್ಳು ಹೇಳಲ್ಲ. ಆದ್ರೆ ಯಂತ್ರದ ಕೋರ್ಸಿಗೆ ಭೌತಶಾಸ್ತ್ರ ಕೇಳ್ತಾರೆ. ನನ್ನ ತಮ್ಮ ಭೌತಶಾಸ್ತ್ರ ಬಿಟ್ಟಿದ್ದಕ್ಕೆ ಒಳ್ಳೆ ಅಂಕ ಇಟ್ಕೊಂಡೇ ಹೊರಗೆ ನಿಂತ. ಅಲ್ಲಾ, ನೀವು ಬರೀ ದಿಂಬಿನ ಕವರು ಹೊಲಿದಿದ್ರೆ ಒಂದು ದೂರೂ ಬರ್ತಿರಲಿಲ್ಲ. ಕೋಟು ಹೊಲಿಯೋದು ಯಾವಾಗ ಕಲೀತಿದ್ರಿ?"

ಟೈಲರಮ್ಮ ಕತ್ತರಿ ಕೆಳಗಿಟ್ಟಳು. ಅವಳು ಹೊಲಿದ ಮೊದಲ ಕೋಟಿನ ತೋಳು ಹಿಂದುಮುಂದಾಗಿತ್ತು. ಬೈಸಿಕೊಂಡು, ಬಿಚ್ಚಿ, ಮತ್ತೆ ಹೊಲಿದಿದ್ದಳು.

ಮರುದಿನ ಟೈಲರಮ್ಮ ಶಾಲೆಗೆ ಹೋಗಿ ಕೇಳಿದಳು: "ಮೇಷ್ಟ್ರೇ, ನನ್ನ ಮಗಳ ಕೈಲಾಗಲ್ಲ ಅಂತ ಹೇಳ್ತಿದೀರಾ, ಇಲ್ಲಾ ಶಾಲೆ ಫಲಿತಾಂಶ ಇಳಿಯತ್ತೆ ಅಂತಾನಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಹುಡುಗಿ ಚುರುಕಾಗಿದ್ದಾಳಮ್ಮ. ನೀವು ಎರಡನೇದಾಗಿ ಹೇಳಿದ್ರಲ್ಲ, ಅದೇ ಭಯ."

"ಹಾಗಾದ್ರೆ ಅಲ್ಲೇ ಇರ್ಲಿ. ಗೊತ್ತಾಗದ್ದನ್ನ ಇನ್ನೊಂದ್ಸಲ ಹೇಳ್ಕೊಡಿ. ಎಡವಿದ್ರೆ ಎತ್ತೋಕೆ ನಾನಿದೀನಿ."

ಮಗಳು ಭೌತಶಾಸ್ತ್ರದಲ್ಲೇ ಉಳಿದಳು. ಅಮ್ಮ ಜೊತೆಗಿದ್ದಾಳೆಂಬ ಧೈರ್ಯಕ್ಕೆ ಡಬ್ಬಿ ಈಗ ಖಾಲಿಯಾಗಿ ಬರುತ್ತದೆ. ಆದರೆ ಊಟಕ್ಕೂ ಪಾಠಕ್ಕೂ ಅವಳು ಇನ್ನೂ ಒಬ್ಬಳೇ.

ನಿಮ್ಮ ಮನೆಯಲ್ಲೂ ವಿಷಯ ಆರಿಸಬೇಕಾದ ಮಗುವಿದೆಯೇ? ಶಾಲೆಯ ಬ್ಯಾನರು ನೋಡುವ ಮೊದಲು ಮಗುವಿನ ಮುಖ ನೋಡಿ. ಯಾವ ವಿಷಯ ಬಿಟ್ಟರೆ ಮುಂದೆ ಯಾವ ದಾರಿ ಮುಚ್ಚುತ್ತದೆ ಎಂದು ಶಾಲೆಯಲ್ಲಿ ವಿಚಾರಿಸಿ. ಕೇಳಲು ಅಂಜಿಕೆಯಾದರೆ ಪಕ್ಕದ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮೋಟಾರು ಒಬ್ಬಳೇ ಕೂರುವ ಆ ಬೆಂಚಿನಲ್ಲಿ ಇನ್ನೂ ಜಾಗವಿದೆ.