ಗುಬ್ಬಿ ಹಾಕಿದ ನೆಲ

ನಿಮ್ಮ ಮನೆಯ ಬಚ್ಚಲಲ್ಲಿ ಸ್ನಾನ ಮುಗಿದ ಮೇಲೆ ನೀರು ತಾನಾಗಿ ಹೋಗುತ್ತದೆಯೋ, ಪೊರಕೆ ಹಿಡಿದು ತಳ್ಳಬೇಕೋ? ತಳ್ಳಬೇಕು ಎನ್ನುವವರು ಸ್ವಲ್ಪ ಹತ್ತಿರ ಬನ್ನಿ. ಈ ಕಥೆ ನಿಮಗೇ.

ನಾನು ಬಟ್ಟೆ ಹೊಲಿಯುವವಳು. ನನ್ನ ಮಿಷನ್ನು ಇರುವುದು ಕಿಟಕಿಯ ಪಕ್ಕ, ಕಿಟಕಿ ಇರುವುದು ಪಕ್ಕದ ಮನೆಯ ಬಚ್ಚಲಿನ ಎದುರು. ಆ ಬಚ್ಚಲಿನ ಪೊರಕೆ ಸದ್ದು ಕೇಳದೆ ನನಗೆ ಬೆಳಗಾಗುತ್ತಿರಲಿಲ್ಲ. ಪೊರಕೆ ಹಿಡಿದವಳು ಆ ಮನೆಯ ಸೊಸೆ. ಸಣ್ಣ ಮೈಕಟ್ಟು, ಕೂತಲ್ಲಿ ಕೂರದ ಜೀವ. ಬೀದಿಯವರೆಲ್ಲ ಅವಳನ್ನು ಗುಬ್ಬಿ ಎಂದೇ ಕರೆಯುತ್ತೇವೆ. ಅವಳ ಗಂಡ ಗೋಡೆ ಕಟ್ಟುವ ಮೇಸ್ತ್ರಿ. ಅಂಗಿ ಮರೆತರೂ ರಸಮಟ್ಟ ಮರೆಯುವವನಲ್ಲ. ಒಳಗೆ ಗುಳ್ಳೆ ಓಡಾಡುವ ಆ ಪಟ್ಟಿಯನ್ನು ಎಲ್ಲೆಂದರಲ್ಲಿ ಇಟ್ಟು ಮಟ್ಟ ನೋಡುವ ಚಾಳಿ ಅವನಿಗೆ. ಒಮ್ಮೆ ನನ್ನ ಹೊಲಿಗೆ ಮೇಜಿನ ಮೇಲೂ ಇಟ್ಟು, ಒಂದು ಕಾಲು ಗಿಡ್ಡ ಎಂದು ಹೇಳಿ ಹೋದ. ನಾನೇನು ಅವನನ್ನು ಕೇಳಿದ್ದೆನೇ?

ಅವನ ಗೋಡೆಗಳ ಬಗ್ಗೆ ಎರಡು ಮಾತಿಲ್ಲ. ಆದರೆ ಸ್ವಂತ ಬಚ್ಚಲಿಗೆ ಟೈಲ್ಸ್ ಹಾಕುವಾಗಲೂ ಅದೇ ರಸಮಟ್ಟ ಇಟ್ಟು, ಗುಳ್ಳೆ ನಟ್ಟನಡುವೆ ನಿಲ್ಲುವ ಹಾಗೆ ನೆಲವನ್ನು ಸಪಾಟು ಮಾಡಿಬಿಟ್ಟ. ನೆಲ ಕನ್ನಡಿಯಂತೆ ಬಂತು. ನೀರು ಮಾತ್ರ ಎತ್ತ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು. ಅವನ ಅಮ್ಮ ಅದರಲ್ಲಿ ಜಾರಿ ಬಿದ್ದು, ಸೊಂಟ ಹಿಡಿದುಕೊಂಡು ಹಾಸಿಗೆ ಸೇರಿದರು. ಇಷ್ಟಾದರೂ ಮೇಸ್ತ್ರಿ ತನ್ನ ನೆಲದಲ್ಲಿ ತಪ್ಪಿಲ್ಲ, ಬೇಕಾದರೆ ಮಟ್ಟ ಇಟ್ಟು ನೋಡಿ ಎನ್ನುತ್ತಿದ್ದ.

ಗುಬ್ಬಿ ಮದುವೆಯಾದಾಗಿನಿಂದ ಗಂಡನ ಜೊತೆಯೇ ಕೆಲಸಕ್ಕೆ ಹೋಗುತ್ತಿದ್ದಳು. ಗಾರೆ ಕಲಸುವುದು, ಅದನ್ನು ಬಾಂಡ್ಲಿಗೆ ತುಂಬಿ ತಲೆಯ ಮೇಲೆ ಹೊತ್ತು ಏಣಿ ಹತ್ತುವುದು, ಅವನು ಕೈ ಚಾಚುವ ಮೊದಲೇ ಇಟ್ಟಿಗೆ ಕೊಡುವುದು. ಗಾರೆ ಬಳಿಯುವ ಕರಣೆಯನ್ನು ಮಾತ್ರ ಮುಟ್ಟುವಂತಿರಲಿಲ್ಲ. ಸಂಜೆ ತೊಳೆದಿಡುವಾಗ ಮುಟ್ಟಬಹುದಿತ್ತು, ಅಷ್ಟೇ. ಹೊರುವ ಹೆಂಗಸು ಮುದುಕಿಯಾಗುವವರೆಗೂ ಹೊರುತ್ತಾಳೆ, ನಿನ್ನೆ ಮೊನ್ನೆ ಬಂದ ಗಂಡಸು ನೋಡನೋಡುತ್ತ ಮೇಸ್ತ್ರಿಯಾಗುತ್ತಾನೆ. ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಹೀಗಿರುವಾಗ ನಮ್ಮ ಸ್ವಸಹಾಯ ಗುಂಪಿನ ಸಭೆಗೆ ಒಬ್ಬ ಹೆಂಗಸು ಬಂದರು. ಮಂಡಿಗೆ ದಪ್ಪ ಮೆತ್ತೆ ಕಟ್ಟಿಕೊಂಡೇ ಬಂದಿದ್ದರು. ಕೆಲಸದಿಂದ ನೇರ ಬಂದೆ, ಬಿಚ್ಚುವುದಕ್ಕೆ ಪುರುಸೊತ್ತಾಗಲಿಲ್ಲ ಎಂದರು. ಅವರು ಟೈಲ್ಸ್ ಹಾಕುವವರು, ಕಟ್ಟಡ ಕೆಲಸದ ತರಬೇತಿ ಕೇಂದ್ರದಲ್ಲಿ ಕಲಿಸುವವರು. ಟೈಲ್ಸ್, ಪ್ಲಂಬಿಂಗ್, ವೈರಿಂಗ್, ಬಣ್ಣದ ಕೆಲಸ, ಯಾವುದು ಬೇಕಾದರೂ ಹೆಂಗಸರು ಬಂದು ಕಲಿಯಬಹುದು, ಫೀಸು ಇಲ್ಲ ಎಂದರು. ಹೆಲ್ಮೆಟ್ಟು, ಬೂಟು ಅವರೇ ಕೊಡುತ್ತಾರಂತೆ. ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಅಲ್ಲೇ ಒಂದು ಕೋಣೆಯಿದೆಯಂತೆ. ಕೊನೆಗೆ ಪರೀಕ್ಷೆ, ಪ್ರಮಾಣಪತ್ರ, ಕೆಲಸ ಕೊಡುವವರ ಪರಿಚಯ. ಎಲ್ಲ ಕೇಳಿಸಿಕೊಂಡ ಗುಬ್ಬಿ ಬಾಯಿ ಬಿಟ್ಟಳು.

"ಅಕ್ಕ, ಬಚ್ಚಲ ನೆಲ ಹಾಕೋದು ಕಲಿಸ್ತೀರಾ?"

"ಮೊದಲು ಕಲಿಸೋದೇ ಅದನ್ನ," ಎಂದರು ಅವರು.

ಮನೆಯಲ್ಲಿ ಮಾತು ಎತ್ತಿದ್ದೇ ತಡ, ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಕರಣೆ ಹೆಂಗಸರ ಕೈಗೆ ಒಗ್ಗುವುದಿಲ್ಲ, ಜನ ನಗುತ್ತಾರೆ ಎಂದು ಅತ್ತೆ. ದಿನವಿಡೀ ಮಂಡಿಯೂರಿ ಕೂರುವುದು ನಿನ್ನ ಕೈಲಾಗುತ್ತದೆಯೇ ಎಂದು ಗಂಡ. ನನಗೆ ತಡೆಯಲಾಗಲಿಲ್ಲ. ಬಾಂಡ್ಲಿ ಹೊತ್ತು ಏಣಿ ಹತ್ತುವವಳಿಗೆ ನೆಲದ ಮೇಲೆ ಕೂರುವುದು ಯಾವ ದೊಡ್ಡ ಕಷ್ಟ ಎಂದು ಕಿಟಕಿಯಿಂದಲೇ ಕೇಳಿದೆ. ಆಗ ಮೇಸ್ತ್ರಿಯ ಹೊಟ್ಟೆಯಲ್ಲಿದ್ದದ್ದು ಹೊರಗೆ ಬಂತು.

"ಇವಳು ಹೋದ್ರೆ ನಂಗೆ ಗಾರೆ ಯಾರು ಕೊಡ್ತಾರೆ? ಇವಳ ಹಾಗೆ ಕೈ ನೋಡಿ ಕೊಡೋರು ಬೇರೆ ಯಾರಿದ್ದಾರೆ?"

ನೋಡಿದಿರಾ? ಕೆಲಸ ಚೆನ್ನಾಗಿ ಮಾಡುತ್ತಾಳೆ ಎಂದೇ ಅವಳನ್ನು ಮುಂದೆ ಹೋಗಲು ಬಿಡುತ್ತಿಲ್ಲ. ಗುಬ್ಬಿಯ ಕಣ್ಣಲ್ಲಿ ನೀರು ಬಂತು, ದುಃಖಕ್ಕಲ್ಲ, ಸಿಟ್ಟಿಗೆ.

"ರೀ, ಒಂದು ತಿಂಗಳು ಕೇಂದ್ರಕ್ಕೆ ಹೋಗ್ತೀನಿ. ಆಮೇಲೆ ನಮ್ಮ ಬಚ್ಚಲ ನೆಲ ನಾನೇ ಹಾಕ್ತೀನಿ. ನೀರು ನಿಂತ್ರೆ ಮತ್ತೆ ಬಾಂಡ್ಲಿ ಹೊರ್ತೀನಿ, ಈ ಮಾತು ಎತ್ತಲ್ಲ. ನಿಲ್ಲದಿದ್ರೆ ಪೂರ್ತಿ ಕಲೀತೀನಿ, ನೀವು ಅಡ್ಡ ಬರಬಾರದು."

ತಿಂಗಳು ತಾನೇ, ಹೋಗಿ ಬರಲಿ ಎಂದು ಅವನು ಒಪ್ಪಿಕೊಂಡ. ನೆಲ ಒಡೆಯುವುದಕ್ಕೆ ಮಾತ್ರ ಮುಖ ಸಿಂಡರಿಸಿದ. ಅದಕ್ಕೆ ಅತ್ತೆ ಹಾಸಿಗೆಯಿಂದಲೇ, ಒಡೆಯಲಿ ಬಿಡೋ, ಬೀಳೋಳು ನಾನು ತಾನೇ ಎಂದರು.

ಆ ತಿಂಗಳು ಗುಬ್ಬಿ ಮಂಡಿ ನೋವೆಂದು ಕುಂಟುತ್ತ ಬರುತ್ತಿದ್ದಳು, ಆದರೆ ಬಾಯಿ ತುಂಬ ಹೊಸ ಮಾತು. ಬಾಗಿಲಿನಿಂದ ನೀರು ಹೋಗುವ ಜಾಲರಿಯವರೆಗೆ ದಾರ ಕಟ್ಟಬೇಕು, ದಾರ ಬರಬರುತ್ತ ತಗ್ಗಬೇಕು, ಟೈಲ್ಸ್ ಆ ದಾರದ ಕೆಳಗೇ ಕೂರಬೇಕು. ಕೂರಿಸಿದ ಮೇಲೆ ತಟ್ಟಿ ನೋಡಬೇಕು, ಪೊಳ್ಳು ಸದ್ದು ಬಂದರೆ ಎತ್ತಿ ಮತ್ತೆ ಹಾಕಬೇಕು. ಗಾರೆ ಗಟ್ಟಿಯಾಗುವವರೆಗೆ ಯಾರೂ ಕಾಲಿಡಬಾರದು. ನನ್ನ ಮನೆಗೆ ಬಂದರೂ ನೆಲ ತಟ್ಟಿ ಇಲ್ಲಿ ಪೊಳ್ಳು, ಅಲ್ಲಿ ಪೊಳ್ಳು ಎನ್ನುತ್ತಿದ್ದಳು. ಗಂಡನಿಗೆ ಮಟ್ಟ ನೋಡುವ ಹುಚ್ಚು, ಹೆಂಡತಿಗೆ ತಟ್ಟುವ ಹುಚ್ಚು, ನಡುವೆ ನನ್ನ ಮನೆಗೆ ನೆಮ್ಮದಿಯಿಲ್ಲ.

ಕೊನೆಗೆ ಹಳೆಯ ನೆಲ ಒಡೆದಳು. ಗಾರೆ ಅವಳೇ ಕಲಸಿ, ಅವಳೇ ಹೊತ್ತು, ಅವಳೇ ಹಾಕಿದಳು. ಸಂಜೆ ಬಾಗಿಲಿಗೆ ಅಡ್ಡ ಸ್ಟೂಲು ಇಟ್ಟು, ನಾಳೆಯವರೆಗೆ ಯಾರೂ ಒಳಗೆ ಹೋಗಬೇಡಿ ಎಂದು ಸಾರಿದಳು.

ಮರುದಿನ ನಾವೆಲ್ಲ ಬಚ್ಚಲ ಬಾಗಿಲಲ್ಲಿ ಸೇರಿದೆವು. ಕಲಿಸಿದ ಅಕ್ಕನೂ ಬಂದಿದ್ದರು. ಅತ್ತೆ ಗೋಡೆ ಹಿಡಿದು ನಿಂತು ಬಕೆಟ್ಟು ಬಗ್ಗಿಸಿದರು. ನೀರು ದಾರಿ ಗೊತ್ತಿರುವ ಹಸುವಿನಂತೆ ನೇರ ಜಾಲರಿಗೆ ಹೋಯಿತು. ಗುಂಪಿನವರು ಚಪ್ಪಾಳೆ ತಟ್ಟಲು ಕೈ ಎತ್ತಿದ್ದರು. ಅಷ್ಟರಲ್ಲಿ ಯಾರೋ ಮೂಲೆ ತೋರಿಸಿದರು. ಅಲ್ಲಿ ಅಂಗೈಯಗಲ ನೀರು ನಿಂತಿತ್ತು.

ಗುಬ್ಬಿ ಕೂತು ಕೈಯಾಡಿಸಿದಳು. ಒಂದು ಟೈಲು ತಗ್ಗಿತ್ತು. ಸರಿಯಾಗೇ ಕೂರಿಸಿದ್ದೆ ಎಂದು ಮೆಲ್ಲಗೆ ಹೇಳಿದಳು. ಆದರೆ ಮಾತು ಮಾತೇ. ಎದ್ದು, ಗೋಡೆಗೆ ಒರಗಿಸಿದ್ದ ಬಾಂಡ್ಲಿಯನ್ನು ಕೈಗೆತ್ತಿಕೊಂಡಳು.

ಮೇಸ್ತ್ರಿ ಸುಮ್ಮನಿದ್ದಿದ್ದರೆ ಗೆದ್ದುಬಿಡುತ್ತಿದ್ದ. ಅವನು ಆ ಮೂಲೆಯನ್ನೇ ನೋಡುತ್ತಿದ್ದ.

"ಬಾಂಡ್ಲಿ ಕೆಳಗಿಡು," ಎಂದ. "ಅದು ನಿನ್ನ ತಪ್ಪಲ್ಲ. ನಿನ್ನೆ ಸಂಜೆ ಮನಸ್ಸು ತಡೀಲಿಲ್ಲ, ಮಟ್ಟ ನೋಡೋಣ ಅಂತ ಒಳಗೆ ಹೋಗಿ ಅಲ್ಲಿ ಮಂಡಿಯೂರಿದ್ದೆ. ನನ್ನ ಭಾರಕ್ಕೆ ಕುಸಿದಿದ್ದು ಅದು. ನೀನು ಹಾಕಿದ ನೆಲದಲ್ಲಿ ಒಂದು ಹನಿ ನಿಂತಿಲ್ಲ."

ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಇನ್ಮೇಲೆ ಈ ಮನೇಲಿ ಗೋಡೆಗೆ ನೀನು ಮೇಸ್ತ್ರಿ, ನೆಲಕ್ಕೆ ಅವಳು ಮೇಸ್ತ್ರಿ. ಹೋಗು, ಗಾರೆ ಕಲಸಿ ತಾ."

ಅವನು ತೋಳು ಮಡಚಿ ಗಾರೆ ಕಲಸಿದ, ಬಾಂಡ್ಲಿ ತುಂಬಿ ತಲೆಯ ಮೇಲಿಟ್ಟುಕೊಂಡು ಬಂದ. ಗುಬ್ಬಿ ಕುಸಿದ ಟೈಲು ಎತ್ತಿ, ಕರಣೆ ಹಿಡಿದು ಕೈ ಚಾಚಿದಳು. ಗಾರೆಗಾಗಿ ಸ್ವಲ್ಪ ಕಾಯಬೇಕಾಯಿತು. ಪಾಪ, ಅವನಿಗೆ ಕೊಟ್ಟು ರೂಢಿಯಿಲ್ಲ. ನಾವು ಬಿದ್ದು ಬಿದ್ದು ನಕ್ಕೆವು, ಅವನೂ ನಕ್ಕ.

ಗುಬ್ಬಿ ತರಬೇತಿ ಮುಗಿಸಿ ಪರೀಕ್ಷೆ ಪಾಸಾದಳು. ಈಗ ಹೊಸ ಆಸ್ಪತ್ರೆಯ ಕಟ್ಟಡದಲ್ಲಿ ಅವನು ಗೋಡೆ ಕಟ್ಟುತ್ತಾನೆ, ಅವಳು ನೆಲ ಹಾಕುತ್ತಾಳೆ. ಬೆಳಿಗ್ಗೆ ಇಬ್ಬರು ಮೇಸ್ತ್ರಿಗಳು ಹೆಲ್ಮೆಟ್ಟು ಹಾಕಿಕೊಂಡು ಒಟ್ಟಿಗೆ ಹೊರಡುವುದನ್ನು ನೋಡಲು ನಾನು ಹೊಲಿಗೆ ನಿಲ್ಲಿಸುತ್ತೇನೆ. ಅವನಿಗೆ ಗಾರೆ ಕೊಡಲು ಬಂದಿರುವ ಹೊಸ ಹೆಂಗಸಿಗೆ ಅವನೇ ಮಧ್ಯಾಹ್ನದ ಬಿಡುವಿನಲ್ಲಿ ಕರಣೆ ಹಿಡಿಯುವುದನ್ನು ಕಲಿಸುತ್ತಿದ್ದಾನಂತೆ. ಪಕ್ಕದ ಬಚ್ಚಲಿನ ಪೊರಕೆ ಸದ್ದು ನಿಂತಿದೆ.

ತಂಗಿ, ನೀನೂ ವರ್ಷಗಟ್ಟಲೆ ಗಾರೆ ಹೊತ್ತವಳಲ್ಲವೇ? ಅಣ್ಣ, ನಿಮ್ಮ ಮನೆಯವಳೂ ಹೊತ್ತವಳಲ್ಲವೇ? ಹತ್ತಿರದಲ್ಲಿ ಇಂಥ ತರಬೇತಿ ಎಲ್ಲಿದೆ ಎಂದು ನಿಮ್ಮ ಗುಂಪಿನಲ್ಲಿ, ಪಂಚಾಯಿತಿಯಲ್ಲಿ ಇಂದೇ ವಿಚಾರಿಸಿ. ಫೀಸು, ಊಟ, ಮಕ್ಕಳ ವ್ಯವಸ್ಥೆ ಎಲ್ಲವನ್ನೂ ನಾಚಿಕೆಯಿಲ್ಲದೆ ಕೇಳಿ. ಒಬ್ಬಳೇ ಹೋಗಲು ಅಳುಕಾದರೆ ಪಕ್ಕದ ಮನೆಯವಳನ್ನೂ ಎಳೆದುಕೊಂಡು ಹೋಗು. ಹೊತ್ತದ್ದು ಸಾಕು ತಂಗಿ, ಬಾಂಡ್ಲಿ ಕೆಳಗಿಡು, ಕರಣೆ ಕೈಗೆತ್ತಿಕೋ.